ನೇತ್ರಾಣಿ ಸ್ಕೂಬಾ: ವಿಡಿಯೋಗೆ ಒಂದು ಡೈವ್ ಸಾಕು, ಕಲಿಯೋದಾದ್ರೆ ಏನೇನು ಬೇಕು?

ಮುರ್ಡೇಶ್ವರ: ಇಲ್ಲಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪ ಸ್ಕೂಬಾ ಡೈವಿಂಗ್‌ಗೆ ರಾಜ್ಯದಲ್ಲೇ ಹೆಸರುವಾಸಿ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ಚಿತ್ರದಲ್ಲೂ ಇಲ್ಲಿನ ಕಡಲಾಳ ಇದೆ. ಆದ್ರೆ ಇಲ್ಲಿಗೆ ಬರುವ ಯುವಕ-ಯುವತಿಯರಲ್ಲಿ ಹೆಚ್ಚಿನವರು ಮಾಡೋದು 'ಟ್ರೈ ಡೈವ್' ಮಾತ್ರ. ತರಬೇತುದಾರರು ಜೊತೆಗೇ ಇರುತ್ತಾರೆ, ಈಜು ಬರದಿದ್ರೂ ನಡೆಯುತ್ತೆ. ವಿಡಿಯೋ ಸಿಗುತ್ತೆ, ವಿದ್ಯೆ ಸಿಗಲ್ಲ.

ಕಲಿಯಬೇಕು ಅನ್ನೋರಿಗೆ ಇರುವುದು 'ಓಪನ್ ವಾಟರ್' ಕೋರ್ಸ್. ಪಾಡಿ ಸಂಸ್ಥೆಯ ನಿಯಮದಂತೆ 10 ವರ್ಷ ತುಂಬಿದವರು ಸೇರಬಹುದು. 15ರ ಒಳಗಿನವರಿಗೆ ಸಿಗುವುದು ಜೂನಿಯರ್ ಕಾರ್ಡ್. 10-11ರ ಮಕ್ಕಳು ಪೋಷಕರ ಅಥವಾ ತರಬೇತುದಾರರ ಜೊತೆ 12 ಮೀಟರ್‌ವರೆಗೆ, 12ರಿಂದ 14ರವರು ಕಾರ್ಡ್ ಇರುವ ದೊಡ್ಡವರ ಜೊತೆ 18 ಮೀಟರ್‌ವರೆಗೆ ಇಳಿಯಬಹುದು. ಸಮುದ್ರದಲ್ಲಿ ನಾಲ್ಕು ಡೈವ್ ಕಡ್ಡಾಯ. ಅದರ ಜೊತೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು.

ನಮ್ಮ ಮಕ್ಕಳು ಸಿಕ್ಕಿಬೀಳೋದು ಈ ಈಜಿನಲ್ಲೇ. ಕಡಲ ಪಕ್ಕದಲ್ಲೇ ಬೆಳೆದರೂ 'ನೀರಿಗಿಳೀಬೇಡ' ಅನ್ನೋ ಗದರಿಕೆ ಕೇಳಿಯೇ ದೊಡ್ಡವರಾಗುವವರು ಬಹಳ. ಮನೆಯವರ ಹೆದರಿಕೆಗೆ ಕಾರಣ ಇಲ್ಲದಿಲ್ಲ; 2024ರ ಡಿಸೆಂಬರ್‌ನಲ್ಲಿ ಇದೇ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಹಾಗಂತ ನೀರಿನಿಂದ ದೂರ ಇಟ್ಟರೆ ಹೆದರಿಕೆ ಉಳಿಯುತ್ತೆ, ಈಜು ಬರಲ್ಲ. ಮಳೆಗಾಲದಲ್ಲಿ ಹೇಗೂ ನೇತ್ರಾಣಿಗೆ ಬೋಟ್ ಹೋಗಲ್ಲ. ಆ ತಿಂಗಳುಗಳಲ್ಲಿ ಈಜುಕೊಳದಲ್ಲಿ ಕಲಿತರೆ ಅಕ್ಟೋಬರ್ ಹೊತ್ತಿಗೆ ಮಕ್ಕಳು ಸಿದ್ಧ.

ಒಂದು ತಪ್ಪು ಕಲ್ಪನೆ: ಬೆನ್ನಿಗಿರೋದು 'ಆಕ್ಸಿಜನ್ ಸಿಲಿಂಡರ್' ಅಲ್ಲ. ಅದರಲ್ಲಿರೋದು ಒತ್ತಿ ತುಂಬಿದ ಮಾಮೂಲಿ ಗಾಳಿ. ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತೆ. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತೆ, ಅದಕ್ಕೇ ಉಸಿರು ಕಟ್ಟಲೇಬಾರದು. ಕಿವಿ ನೋಯೋ ಮುಂಚೆಯೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ನೆಗಡಿ ಇದ್ರೆ ಆ ದಿನ ಬೇಡ. ಅಸ್ತಮಾ, ಫಿಟ್ಸ್, ಹೃದಯದ ತೊಂದರೆ ಇರೋರು ಆರೋಗ್ಯದ ಫಾರಂನಲ್ಲಿ ಮುಚ್ಚಿಡದೆ ಬರೆದು, ವೈದ್ಯರ ಒಪ್ಪಿಗೆ ತರಬೇಕು. ಸ್ನೇಹಿತರ ಮುಂದೆ ಮರ್ಯಾದೆ ಹೋಗುತ್ತೆ ಅಂತ ಸುಳ್ಳು ಬರೆಯೋದು ಜೀವಕ್ಕೇ ಅಪಾಯ.

ಒಂದೇ ಡೈವ್ ಮಾಡಿದ್ರೆ ಕನಿಷ್ಠ 12 ಗಂಟೆ, ಹೆಚ್ಚು ಮಾಡಿದ್ರೆ 18 ಗಂಟೆ ವಿಮಾನ ಹತ್ತುವಂತಿಲ್ಲ. ಅದೇ ದಿನ ಘಟ್ಟ ಹತ್ತೋರು ಎಷ್ಟು ಹೊತ್ತು ಕಾಯಬೇಕು ಅಂತ ತರಬೇತುದಾರರನ್ನೇ ಕೇಳಿಕೊಳ್ಳಿ.

ಇದನ್ನೇ ಉದ್ಯೋಗ ಮಾಡಿಕೊಳ್ಳಬೇಕು ಅನ್ನೋ ಇಲ್ಲಿನ ಹುಡುಗರಿಗೂ ದಾರಿ ಇದೆ. 18 ತುಂಬಿರಬೇಕು, ರೆಸ್ಕ್ಯೂ ಡೈವರ್ ಕೋರ್ಸ್ ಮುಗಿದಿರಬೇಕು. 40 ಡೈವ್ ಆದಮೇಲೆ ಡೈವ್‌ಮಾಸ್ಟರ್ ತರಬೇತಿ ಶುರು ಮಾಡಬಹುದು, ಸರ್ಟಿಫಿಕೇಟ್ ಕೈಗೆ ಬರೋದು 60 ಡೈವ್ ಪೂರೈಸಿದ ಮೇಲೆ.