ಫ್ಲೇಮ್ ಏಂಜೆಲ್ ಮೀನು

ಫ್ಲೇಮ್ ಏಂಜೆಲ್ ಮೀನು (ವೈಜ್ಞಾನಿಕ ಹೆಸರು: ಸೆಂಟ್ರೊಪೈಗಿ ಲೊರಿಕ್ಯುಲಾ) ಪೊಮಕ್ಯಾಂತಿಡೇ ಕುಟುಂಬಕ್ಕೆ ಸೇರಿದ ಒಂದು ಕುಬ್ಜ ಏಂಜೆಲ್ ಮೀನು. ಇದು ಪೆಸಿಫಿಕ್ ಮಹಾಸಾಗರದ ಹವಳದ ದಿಬ್ಬಗಳಲ್ಲಿ ವಾಸಿಸುತ್ತದೆ. ಆಲ್ಬರ್ಟ್ ಗುಂಥರ್ 1874ರಲ್ಲಿ ಈ ಪ್ರಭೇದವನ್ನು ಮೊದಲಿಗೆ ವರ್ಣಿಸಿದರು. ಬಣ್ಣದಿಂದಾಗಿ ಇದು ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಜನಪ್ರಿಯವಾಗಿದೆ. ಭಾರತದ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಸಿಹಿನೀರಿನ ಏಂಜೆಲ್ ಮೀನು ದಕ್ಷಿಣ ಅಮೆರಿಕ ಮೂಲದ ಸಿಕ್ಲಿಡ್ ಕುಟುಂಬದ್ದಾಗಿದ್ದು, ಇದಕ್ಕಿಂತ ಸಂಪೂರ್ಣ ಭಿನ್ನವಾಗಿದೆ.

ಲಕ್ಷಣಗಳು

ದೇಹವು ಕಡು ಕಿತ್ತಳೆ ಅಥವಾ ಕೆಂಪು ಬಣ್ಣದ್ದಾಗಿದ್ದು, ಪಕ್ಕಗಳಲ್ಲಿ ಲಂಬವಾದ ಕಪ್ಪು ಪಟ್ಟೆಗಳಿರುತ್ತವೆ. ಬೆನ್ನಿನ ಮತ್ತು ಗುದದ ಈಜುರೆಕ್ಕೆಗಳ ಹಿಂಭಾಗದಲ್ಲಿ ನೀಲಿ-ನೇರಳೆ ಗೆರೆಗಳಿವೆ. ಗಂಡಿನಲ್ಲಿ ಇವು ಹೆಚ್ಚು ಎದ್ದು ಕಾಣುತ್ತವೆ. ಗರಿಷ್ಠ ಉದ್ದ ಸುಮಾರು 15 ಸೆಂ.ಮೀ. ಈ ಕುಟುಂಬದ ಇತರ ಮೀನುಗಳಂತೆ ಇದಕ್ಕೂ ಕಿವಿರಿನ ಮುಚ್ಚಳದ ಕೆಳಗೆ ಒಂದು ಬಲವಾದ ಮುಳ್ಳಿದೆ.

ಜೀವನಕ್ರಮ

ಒಂದು ಗಂಡು ಮತ್ತು ಹಲವು ಹೆಣ್ಣುಗಳು ಗುಂಪಾಗಿ ವಾಸಿಸುತ್ತವೆ. ಎಲ್ಲ ಮೀನುಗಳೂ ಮೊದಲು ಹೆಣ್ಣಾಗಿ ಬೆಳೆಯುತ್ತವೆ. ಗಂಡು ಇಲ್ಲವಾದಾಗ ಗುಂಪಿನ ಪ್ರಬಲ ಹೆಣ್ಣು ಗಂಡಾಗಿ ಮಾರ್ಪಡುತ್ತದೆ. ಹಗಲಿಡೀ ಬಂಡೆಗಳ ನಡುವೆ ಸುಳಿದಾಡುತ್ತಾ ಪಾಚಿಯನ್ನೂ ಸಣ್ಣ ಕಠಿಣಚರ್ಮಿಗಳನ್ನೂ ಕೆರೆದು ತಿನ್ನುವುದು ಇದರ ಸ್ವಭಾವ.

ಅಕ್ವೇರಿಯಂನಲ್ಲಿ ಸಾಕಣೆ

ಸಾಕಣೆಯ ಯಶಸ್ಸು ಮುಖ್ಯವಾಗಿ ತೊಟ್ಟಿಯ ಪಕ್ವತೆಯನ್ನು ಅವಲಂಬಿಸಿದೆ. ಹೊಸ ತೊಟ್ಟಿಯ ಬಂಡೆಗಳಲ್ಲಿ ಮೇಯಲು ಪಾಚಿಯಿರುವುದಿಲ್ಲ. ಮೀನಿನ ವಿಸರ್ಜನೆಯಿಂದ ಉಂಟಾಗುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳೂ ನೆಲೆಗೊಂಡಿರುವುದಿಲ್ಲ. ಆದ್ದರಿಂದ ಹಲವು ತಿಂಗಳು ನಡೆದ ತೊಟ್ಟಿಗೆ, ಇತರ ಮೀನುಗಳೆಲ್ಲ ಹೊಂದಿಕೊಂಡ ನಂತರ, ಇದನ್ನು ಕೊನೆಯದಾಗಿ ಬಿಡುವುದು ಸೂಕ್ತ.

ಸುಮಾರು 250 ಲೀಟರ್ ನೀರು, ಅಡಗಲು ಸಾಕಷ್ಟು ಬಂಡೆಸಂದುಗಳು ಅಗತ್ಯ. ಉಷ್ಣತೆ 24–27 ಡಿಗ್ರಿ ಸೆಲ್ಸಿಯಸ್, ನೀರಿನ ಸಾಪೇಕ್ಷ ಸಾಂದ್ರತೆ 1.023–1.025, ಪಿಹೆಚ್ 8.1–8.4 ಇರಬೇಕು, ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯವಾಗಿರಬೇಕು. ಭಾರತದಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ, ಸಮುದ್ರದಿಂದ ಹವಳ ತರುವ ಬದಲು ಕೃತಕ ರಂಧ್ರಯುಕ್ತ ಕಲ್ಲುಗಳನ್ನು ಬಳಸಬೇಕು.

ಒಣಗಿಸಿದ ಸಮುದ್ರಪಾಚಿ, ಸ್ಪಿರುಲಿನಾ ಬೆರೆಸಿದ ಆಹಾರ ಮತ್ತು ಸಣ್ಣ ಸೀಗಡಿಗಳನ್ನು ದಿನಕ್ಕೆ ಎರಡು-ಮೂರು ಬಾರಿ ಸ್ವಲ್ಪಸ್ವಲ್ಪವಾಗಿ ನೀಡಲಾಗುತ್ತದೆ. ತನ್ನ ಎಲ್ಲೆಯನ್ನು ಕಾಯುವ ಈ ಮೀನು ಇತರ ಕುಬ್ಜ ಏಂಜೆಲ್ ಮೀನುಗಳ ಮೇಲೆ ಎರಗುವುದರಿಂದ, ಸಾಮಾನ್ಯ ಗಾತ್ರದ ತೊಟ್ಟಿಗೆ ಒಂದೇ ಸಾಕು. ಕೆಲವು ಮೀನುಗಳು ಹವಳಗಳನ್ನೂ ದೊಡ್ಡ ಚಿಪ್ಪುಜೀವಿಗಳ ಮೃದುಭಾಗವನ್ನೂ ಕಚ್ಚುತ್ತವೆ. ಯಾವ ಮೀನು ಹೀಗೆ ಮಾಡುತ್ತದೆಂದು ಮುಂಚಿತವಾಗಿ ಊಹಿಸಲಾಗದು.

ರೋಗಗಳು

ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿಯಿಂದ ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಹೊಸ ಮೀನನ್ನು ಸುಮಾರು ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿರಿಸಿ ಗಮನಿಸಬೇಕು. ಚಿಕಿತ್ಸೆಗೆ ಬಳಸುವ ತಾಮ್ರದ ಔಷಧವನ್ನು ಈ ಮೀನು ಹೆಚ್ಚು ಸಹಿಸದು; ಅಕಶೇರುಕಗಳಿಗೆ ಅದು ಮಾರಕ. ಹಾಗಾಗಿ ಅದನ್ನು ಮುಖ್ಯ ತೊಟ್ಟಿಗೆ ಹಾಕಬಾರದು.

ಸಂತಾನೋತ್ಪತ್ತಿ ಮತ್ತು ಸಂರಕ್ಷಣೆ

ಮುಸ್ಸಂಜೆಯಲ್ಲಿ ಜೋಡಿಯು ಮೇಲಕ್ಕೇರಿ ಮೊಟ್ಟೆಗಳನ್ನು ನೀರಿನಲ್ಲಿ ಬಿಡುತ್ತದೆ, ಮೊಟ್ಟೆಗಳು ತೇಲುತ್ತವೆ. ಅತಿ ಚಿಕ್ಕ ಬಾಯಿಯ ಮರಿಗಳಿಗೆ ಸೂಕ್ಷ್ಮ ಆಹಾರ ಒದಗಿಸುವುದು ಕಠಿಣವಾಗಿದ್ದರಿಂದ, ಮಾನವ ಪಾಲನೆಯಲ್ಲಿ ಮರಿಗಳನ್ನು ಬೆಳೆಸುವುದು ಬಹುಕಾಲ ಸಾಧ್ಯವಾಗಿರಲಿಲ್ಲ. 2000ರ ದಶಕದ ಆರಂಭದಲ್ಲಿ ಹವಾಯಿಯಲ್ಲಿ ಇದು ಯಶಸ್ವಿಯಾಯಿತು. ಆದರೂ ಮಾರುಕಟ್ಟೆಯ ಹೆಚ್ಚಿನ ಮೀನುಗಳು ಇಂದಿಗೂ ಸಮುದ್ರದಿಂದಲೇ ಬರುತ್ತವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಪ್ರಭೇದವನ್ನು ಕನಿಷ್ಠ ಕಾಳಜಿಯ ವರ್ಗದಲ್ಲಿ ಇರಿಸಿದೆ.