ಆಷ್‌ವಿಲ್‌ನ ಬ್ರೂವರಿಗಳು: ಒಂದು ಗಿರಿನಗರದ ಕಸುಬಿನ ವಿಕಾಸ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ, ಉತ್ತರ ಕೆರೊಲಿನಾ ರಾಜ್ಯದ ಪಶ್ಚಿಮದಂಚಿನ ಬ್ಲೂ ರಿಜ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿ, ಫ್ರೆಂಚ್ ಬ್ರಾಡ್ ನದಿಯ ದಡದ ಮೇಲೆ ನೆಲಸಿರುವ ಆಷ್‌ವಿಲ್ ನಗರವು, ಒಂದು ಲಕ್ಷಕ್ಕೂ ಕಡಿಮೆ ಜನರ ಊರಾಗಿದ್ದರೂ, ಸಣ್ಣ ಪ್ರಮಾಣದಲ್ಲಿ ಕುಶಲತೆಯಿಂದ ತಯಾರಿಸುವ ಕ್ರಾಫ್ಟ್ ಬಿಯರ್ ಎಂಬ ಕಸುಬಿನ ಚರಿತ್ರೆಯಲ್ಲಿ ಮಹಾನಗರಗಳಿಗೆ ಸಮಾನವಾದ ಸ್ಥಾನವನ್ನು ಪಡೆದಿದೆ. ಜಾರ್ಜ್ ವಾಂಡರ್‌ಬಿಲ್ಟನು 1895ರಲ್ಲಿ ತೆರೆದ ಬಿಲ್ಟ್‌ಮೋರ್ ಸೌಧವನ್ನೂ, ಕಾದಂಬರಿಕಾರ ಥಾಮಸ್ ವುಲ್ಫನು ಬಾಲ್ಯವನ್ನು ಕಳೆದ ಮನೆಯನ್ನೂ ಹಗಲಿನಲ್ಲಿ ಸಂದರ್ಶಿಸಿದ ಪ್ರವಾಸಿಗಳು ಸಂಜೆಯ ಹೊತ್ತಿಗೆ ಒಂದು ಬ್ರೂವರಿಯಿಂದ ಮತ್ತೊಂದಕ್ಕೆ ಕಾಲ್ನಡಿಗೆಯಲ್ಲಿ ಸಾಗುವುದು ಈ ಊರಿನ ನಿತ್ಯದೃಶ್ಯ. ಇದನ್ನು ವಿನೋದವೆಂದಷ್ಟೇ ಎಣಿಸದೆ ವಿಚಾರಿಸಿ ನೋಡಿದರೆ, ರಾಜ್ಯದ ಶಾಸನ, ಪರ್ವತದ ನೀರು, ಊರಿನ ಹಳೆಯ ಕಟ್ಟಡ ಎಂಬ ಮೂರರ ಋಣದಿಂದ ಈ ಕಸುಬು ಬೆಳೆದುದು ಸ್ಪಷ್ಟವಾಗುತ್ತದೆ.

ಮೊದಲು ಶಾಸನದ ಮಾತು. ಆಷ್‌ವಿಲ್‌ನ ಪೌರರು 1907ರಲ್ಲಿಯೇ ಮತ ಹಾಕಿ ತಮ್ಮ ಊರಿನಲ್ಲಿ ಪಾನನಿರೋಧವನ್ನು ತಂದುಕೊಂಡರು. ಮರುವರ್ಷ ಇಡೀ ರಾಜ್ಯವೇ ಜನಮತದ ಮೂಲಕ ಅದೇ ದಾರಿಯನ್ನು ಹಿಡಿದು, 1909ರ ಆರಂಭದಿಂದ ಮದ್ಯವನ್ನು ನಿಷೇಧಿಸಿತು. ಅಮೆರಿಕ ಒಟ್ಟಾಗಿ ಪಾನನಿರೋಧವನ್ನು ಅಂಗೀಕರಿಸುವುದಕ್ಕೆ ಹತ್ತು ವರ್ಷ ಮುಂಚೆಯೇ ಅಂಗೀಕರಿಸಿದ್ದ ಈ ರಾಜ್ಯವು, 1933ರಲ್ಲಿ ದೇಶವೆಲ್ಲ ಅದನ್ನು ಕಿತ್ತೊಗೆಯಲು ಮುಂದಾದಾಗಲೂ ಅದಕ್ಕೆ ಸಮ್ಮತಿಸಲಿಲ್ಲ. ಧರ್ಮಶ್ರದ್ಧೆಯೂ ಸಂಯಮಪ್ರಜ್ಞೆಯೂ ಬೇರೂರಿದ್ದ ಇಂತಹ ನೆಲದಲ್ಲಿ ಈ ಕಸುಬು ತಲೆಯೆತ್ತಬೇಕಾದರೆ ರುಚಿಯನ್ನು ಬಲ್ಲವರು ಹುಟ್ಟಿದರೆ ಸಾಲದು, ಶಾಸನಸಭೆಯೂ ಮನಸ್ಸು ಮಾಡಬೇಕಾಗಿತ್ತು.

ಆ ಬದಲಾವಣೆ ಮೆಲ್ಲಮೆಲ್ಲನೆ ಬಂದಿತು. ಮನೆಯಲ್ಲಿ ಸ್ವಂತ ಉಪಯೋಗಕ್ಕಾಗಿ ಬಿಯರ್ ಮಾಡಿಕೊಳ್ಳುವುದಕ್ಕಿದ್ದ ರಾಷ್ಟ್ರೀಯ ಅಡ್ಡಿಯನ್ನು ನಿವಾರಿಸುವ ಮಸೂದೆಗೆ ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಬವೇರಿಯಾದಿಂದ ವಲಸೆ ಬಂದಿದ್ದ ಕೃಷಿಕ ಊಲಿ ಬೆನ್ನೆವಿಟ್ಜರ ಪ್ರಯತ್ನದಿಂದ 1985ರಲ್ಲಿ ಉತ್ತರ ಕೆರೊಲಿನಾದ ಕಾನೂನು ತಿದ್ದುಪಡಿಯಾಗಿ, ಬಿಯರ್ ತಯಾರಿಸಿದವನೇ ಅದನ್ನು ಅಲ್ಲಿಯೇ ಮಾರುವುದಕ್ಕೆ ಅವಕಾಶವಾಯಿತು. ಮರುವರ್ಷ ಕಡಲತೀರದ ಮ್ಯಾಂಟಿಯೊ ಊರಿನಲ್ಲಿ ಬೆನ್ನೆವಿಟ್ಜರ ಬ್ರೂವರಿ ತೆರೆಯಿತಾದರೂ, ಆಷ್‌ವಿಲ್‌ಗೆ ಆ ಕಾಲ ಒದಗಿದುದು 1994ರಲ್ಲಿ. ಜಮೈಕಾದಲ್ಲಿ ಚೀನೀ ಕುಟುಂಬವೊಂದರಲ್ಲಿ ಹುಟ್ಟಿ, ಅಮೆರಿಕದಲ್ಲಿ ಎಂಜಿನಿಯರಾಗಿ ದುಡಿದು, ವೃತ್ತಿಯಿಂದ ನಿವೃತ್ತರಾಗಿದ್ದ ಆಸ್ಕರ್ ವಾಂಗ್ ಎಂಬುವರು ನಗರಮಧ್ಯದ ಪಾನಗೃಹವೊಂದರ ನೆಲಮಾಳಿಗೆಯಲ್ಲಿ, ಹೈನುಗಾರಿಕೆಯ ಹಳೆಯ ಪಾತ್ರೆಗಳನ್ನೇ ಮಾರ್ಪಡಿಸಿಕೊಂಡು, ಹೈಲ್ಯಾಂಡ್ ಬ್ರೂವರಿಯನ್ನು ಪ್ರಾರಂಭಿಸಿದರು. ಪಾನನಿರೋಧದ ಅನಂತರ ಈ ಊರಿನಲ್ಲಿ ಕಾನೂನುಬದ್ಧವಾಗಿ ನಡೆದ ಪ್ರಥಮ ಬ್ರೂವರಿ ಅದೇ. ಪರ್ವತಗಳಲ್ಲಿ ನೆಲಸಿದ ಸ್ಕಾಟಿಷ್ ಮೂಲದ ಜನರ ಸ್ಮರಣೆಯನ್ನು ಹೊತ್ತ ಅದರ ಹೆಸರೂ, ಗೇಲಿಕ್ ಏಲ್ ಎಂಬ ಅದರ ಕೆಂಪುವರ್ಣದ ಬಿಯರೂ ಊರಿನ ಗುರುತುಗಳಾದುವು. 1997ರಲ್ಲಿ ಗ್ರೀನ್ ಮ್ಯಾನ್ ಬ್ರೂವರಿ ಅದನ್ನು ಹಿಂಬಾಲಿಸಿತು.

ಆದರೂ ಒಂದು ಕಟ್ಟು ಉಳಿದೇ ಇದ್ದಿತು. ಬಿಯರ್‌ನಲ್ಲಿ ಮದ್ಯಸಾರದ ಪ್ರಮಾಣ ನೂರಕ್ಕೆ 6ನ್ನು ಮೀರಕೂಡದೆಂಬ ನಿಯಮವಿದ್ದುದರಿಂದ, ಬೆಲ್ಜಿಯಂ ಸಂನ್ಯಾಸಿಗಳ ಮಠಗಳಲ್ಲಿ ಪರಂಪರೆಯಾಗಿ ಬಂದ ಗಾಢವಾದ ಏಲ್‌ಗಳಾಗಲಿ, ಇಂಗ್ಲೆಂಡಿನ ಬಾರ್ಲಿ ವೈನ್ ಎಂಬ ಗಾಢವಾದ ಬಿಯರ್ ಆಗಲಿ ಇಲ್ಲಿ ತಯಾರಾಗುವಂತಿರಲಿಲ್ಲ. 2003ರಿಂದ ನಡೆದ ‘ಪಾಪ್ ದ ಕ್ಯಾಪ್’ ಎಂಬ ಚಳವಳಿಯ ಫಲವಾಗಿ 2005ರಲ್ಲಿ ಈ ಮಿತಿ ನೂರಕ್ಕೆ 15ಕ್ಕೇರಿತು. ಶಾಸಕರಿಗೆ ವಿಷಯವನ್ನು ತಿಳಿಯಹೇಳಿ ಸಾಧಿಸಿದ ಈ ತಿದ್ದುಪಡಿಯಿಂದಲೇ ನಿಜವಾದ ವಿಸ್ತಾರ ಮೊದಲಾಯಿತು. 2009ರಿಂದ 2012ರವರೆಗೆ ನಡೆದ ‘ಬಿಯರ್ ಸಿಟಿ ಯುಎಸ್ಎ’ ಎಂಬ ಜನಮತಸ್ಪರ್ಧೆಯಲ್ಲಿ ಆಷ್‌ವಿಲ್ ನಾಲ್ಕು ಸಲವೂ, ಏಕಾಂಗಿಯಾಗಿ ಇಲ್ಲವೆ ಮತ್ತೊಂದು ನಗರದೊಡನೆ ಸಮನಾಗಿ, ಅಗ್ರಸ್ಥಾನವನ್ನು ಗಳಿಸಿದುದು ಈ ವಿಸ್ತಾರದ ಸಾರ್ವಜನಿಕ ಮುದ್ರೆ.

ಇಷ್ಟೊಂದು ಬ್ರೂವರಿಗಳಿಗೆ ನಗರಮಧ್ಯದಲ್ಲಿ ಸ್ಥಳ ದೊರೆತುದು ಹೇಗೆ? ಇದಕ್ಕೆ ಉತ್ತರ ಊರಿನ ಒಂದು ಹಳೆಯ ವಿಪತ್ತಿನಲ್ಲಿದೆ. 1930ರ ನವೆಂಬರಿನಲ್ಲಿ ಇಲ್ಲಿಯ ಮುಖ್ಯ ಬ್ಯಾಂಕು ಮುಳುಗಿ, ಅದರೊಡನೆ ನಗರಸಭೆಯ ಹಣವೂ ಹೋದಾಗ, ಊರಿನವರು ದಿವಾಳಿಯ ದಾರಿಯನ್ನು ಹಿಡಿಯದೆ ಸಾಲವನ್ನೆಲ್ಲ ತೀರಿಸಲು ಸಂಕಲ್ಪಿಸಿ, 1976ರಲ್ಲಿ ಋಣಮುಕ್ತರಾದರು. ಈ ದೀರ್ಘಕಾಲದ ಕಷ್ಟಜೀವನದಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಹೊಸವನ್ನು ಕಟ್ಟಲು ಹಣವೇ ಇರಲಿಲ್ಲವಾಗಿ, ಬೇರೆ ನಗರಗಳಲ್ಲಿ ನಾಶವಾದ ಇಟ್ಟಿಗೆಯ ಮಳಿಗೆಗಳು ಇಲ್ಲಿ ಬಹಳಮಟ್ಟಿಗೆ ಉಳಿದುವು. ಒಂದು ಕಾಲದಲ್ಲಿ ಮೋಟಾರು ಮಾರಾಟಕ್ಕೂ ದುರಸ್ತಿಗೂ ಹೆಸರಾಗಿದ್ದ ಕಾಕ್ಸ್ ಅವೆನ್ಯೂವಿನ ಸುತ್ತಣ ಸೌತ್ ಸ್ಲೋಪ್ ಬಡಾವಣೆಯಲ್ಲಿ, ಭಾರವನ್ನು ಹೊರಬಲ್ಲ ಕಾಂಕ್ರೀಟಿನ ನೆಲವೂ ಎತ್ತರದ ಮಾಡೂ ಉಳ್ಳ ಗ್ಯಾರೇಜುಗಳು ಹುದುಗಿನ ತೊಟ್ಟಿಗಳಿಗೆ ಹೇಳಿ ಮಾಡಿಸಿದಂತಿದ್ದುವು. 2013ರಲ್ಲಿ ತೆರೆದ ಬರಿಯಲ್ ಮುಂತಾದ ಬ್ರೂವರಿಗಳು ಇಲ್ಲಿಯೇ ನೆಲೆಗೊಂಡುದರಿಂದ, ಇಂದಿನ ಸಂದರ್ಶಕನು ವಾಹನದ ಹಂಗಿಲ್ಲದೆ, ಏರಿಳಿತದ ಬೀದಿಗಳಲ್ಲಿ ನಡೆದೇ, ಇವುಗಳಲ್ಲಿ ಹಲವನ್ನು ನೋಡಿ ಬರಬಹುದು. ಕುಡಿದವನಿಗೆ ಕಾಲ್ನಡಿಗೆಯೇ ಕ್ಷೇಮವೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು.

ನೀರಿನ ವಿಷಯ ಇನ್ನೂ ಗಂಭೀರವಾದುದು. ಬಿಯರ್‌ನ ಬಹುಭಾಗ ನೀರೇ ಆಗಿರುವುದರಿಂದ, ಅದರಲ್ಲಿ ಕರಗಿದ ಲವಣಗಳು ರುಚಿಯನ್ನು ನಿರ್ಧರಿಸುತ್ತವೆ: ಜಿಪ್ಸಮ್ ಹೇರಳವಾದ, ಇಂಗ್ಲೆಂಡಿನ ಬರ್ಟನ್ನಿನ ಗಡಸುನೀರು ಕಹಿ ಏಲ್‌ಗಳಿಗೂ, ಚೆಕ್ ನಾಡಿನ ಪಿಲ್ಸೆನ್ನಿನ ಮೆದುನೀರು ಹೊಂಬಣ್ಣದ ಲಾಗರ್‌ಗೂ ಪ್ರಸಿದ್ಧವಾದುದು ಇದರಿಂದಲೇ. ಆಷ್‌ವಿಲ್‌ಗೆ ಬರುವ ನೀರಿನ ಬಹುಪಾಲು ನಾರ್ತ್ ಫೋರ್ಕ್ ಮುಂತಾದ, ಮನುಷ್ಯಸಂಚಾರವಿಲ್ಲದಂತೆ ರಕ್ಷಿಸಲ್ಪಟ್ಟ ಅರಣ್ಯಗಳ ಜಲಾಶಯಗಳದು, ಅತ್ಯಂತ ಮೃದುವಾದುದು. ಇಂತಹ ನೀರಿಗೆ ಬೇಕಾದಷ್ಟು ಜಿಪ್ಸಮ್ ಸೇರಿಸಿ ಹಾಪ್ಸಿನ ಕಹಿಯನ್ನು ಚುರುಕುಗೊಳಿಸಬಹುದು, ಕ್ಯಾಲ್ಸಿಯಂ ಕ್ಲೋರೈಡನ್ನು ಸೇರಿಸಿ ಮಾಲ್ಟಿನ ಸಿಹಿಯನ್ನು ತುಂಬಿಕೊಳ್ಳುವಂತೆ ಮಾಡಬಹುದು. ಗಡಸುನೀರಿನಿಂದ ಲವಣವನ್ನು ತೆಗೆಯುವುದಾದರೋ ಶ್ರಮದ ಕೆಲಸ. ಅಮೆರಿಕದ ಪಶ್ಚಿಮಭಾಗದ ಪ್ರಸಿದ್ಧ ಬ್ರೂವರಿ ಸಂಸ್ಥೆಗಳಿಗೆ ಪೂರ್ವದಲ್ಲಿ ಎರಡನೆಯ ನೆಲೆ ಬೇಕಾದಾಗ ಈ ಪ್ರದೇಶ ಅವರ ಕಣ್ಣಿಗೆ ಬಿದ್ದುದರಲ್ಲಿ ಈ ಜಲಗುಣದ ಪಾಲೂ ಉಂಟು: ಆಸ್ಕರ್ ಬ್ಲೂಸ್ 2012ರಲ್ಲಿ ಹತ್ತಿರದ ಬ್ರೆವಾರ್ಡಿಗೆ, ಸಿಯೆರಾ ನೆವಾಡಾ 2014ರಲ್ಲಿ ಮಿಲ್ಸ್ ರಿವರಿಗೆ, ನ್ಯೂ ಬೆಲ್ಜಿಯಮ್ 2016ರಲ್ಲಿ ಆಷ್‌ವಿಲ್‌ನ ನದಿದಡಕ್ಕೆ ಬಂದುವು. ದೊಡ್ಡವರಿಗೆ ಮುಂಚೆಯೂ ಅವರ ಹಿಂದೆಯೂ ಪೂರಕವಾದ ಕಸುಬುಗಳು ನೆಲೆಗೊಂಡುವು: 2010ರಲ್ಲಿ ಸ್ಥಾಪಿತವಾದ ರಿವರ್‌ಬೆಂಡ್ ಸಂಸ್ಥೆ ಆಗ್ನೇಯ ಸೀಮೆಯ ರೈತರ ಬಾರ್ಲಿಯನ್ನು ಮೊಳೆಯಿಸಿ ಮಾಲ್ಟು ಮಾಡತೊಡಗಿತ್ತು; ಯೀಸ್ಟಿನ ತಯಾರಿಕೆಗೆ ಹೆಸರಾದ ವೈಟ್ ಲ್ಯಾಬ್ಸ್ 2017ರಲ್ಲಿ ಇಲ್ಲಿ ಶಾಖೆಯನ್ನು ತೆರೆಯಿತು.

ಅದೇ 2017ರಲ್ಲಿ, ಹುಳಿ ಬಿಯರ್‌ಗಳಿಂದ ಕೀರ್ತಿ ಗಳಿಸಿದ್ದ ವಿಕೆಡ್ ವೀಡ್ ಬ್ರೂವರಿಯನ್ನು ಜಗತ್ತಿನ ಅತಿದೊಡ್ಡ ಬಿಯರ್ ಸಂಸ್ಥೆಯಾದ ಎಬಿ ಇನ್‌ಬೆವ್ ಕೊಂಡುಕೊಂಡಾಗ, ದೇಶದ ಅನೇಕ ಸ್ವತಂತ್ರ ಬ್ರೂವರಿಗಳು ಅದು ನಡೆಸುತ್ತಿದ್ದ ಬಿಯರ್ ಉತ್ಸವದಿಂದ ಹಿಂದೆಗೆದುವು. ಕಸುಬಿನ ಗುಣ ಒಡೆತನದಲ್ಲಿದೆಯೋ ಕೈಚಳಕದಲ್ಲಿದೆಯೋ ಎಂಬ ಪ್ರಶ್ನೆ ಅಂದಿನಿಂದ ಇಲ್ಲಿ ಜೀವಂತವಾಗಿದೆ.

ಈ ಪ್ರಶ್ನೆಗೆ ಒಂದು ಕಠೋರವಾದ ಉತ್ತರ ಪ್ರಕೃತಿಯಿಂದ ಬಂದಿತು. 2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತದ ಮಳೆಗೆ ಫ್ರೆಂಚ್ ಬ್ರಾಡ್ ನದಿ 1916ರ ಮಹಾಪ್ರವಾಹದ ಮಟ್ಟವನ್ನೂ ಮೀರಿ ಉಕ್ಕಿತು. ಜನ ಸತ್ತರು, ನದಿದಡದ ಕಾರ್ಖಾನೆಗಳಿಗೆ ನೀರು ನುಗ್ಗಿತು. ಜಲಾಶಯದ ದೊಡ್ಡ ಕೊಳವೆಗಳು ಕೊಚ್ಚಿಹೋದುವು. ನಿರ್ಮಲವೆಂದು ಹೆಸರಾಗಿದ್ದ ನೀರೇ ಮಣ್ಣಿನಿಂದ ಕದಡಿ, ನವೆಂಬರ್ 18ರವರೆಗೆ, 53 ದಿನಗಳ ಕಾಲ, ನಲ್ಲಿಯ ನೀರು ಕುಡಿಯುವುದಕ್ಕೆ ಯೋಗ್ಯವಾಗಲಿಲ್ಲ. ಸಣ್ಣ ಬ್ರೂವರಿಗಾಗಲಿ, ದೊಡ್ಡದಕ್ಕಾಗಲಿ, ಸ್ವತಂತ್ರವಾದುದಕ್ಕಾಗಲಿ, ಮಾರಾಟವಾದುದಕ್ಕಾಗಲಿ, ಆ ಕಾಲದಲ್ಲಿ ಆಧಾರ ಒಂದೇ ಆಗಿತ್ತು, ಆ ಆಧಾರವೇ ಕುಸಿದಿತ್ತು.

ಆದ್ದರಿಂದ ಈ ಸಮೀಕ್ಷೆಯಿಂದ ನಾವು ಗ್ರಹಿಸಬೇಕಾದುದು ಇಷ್ಟು: ಒಡೆತನವಾಗಲಿ, ಉತ್ಪನ್ನದ ಅಲ್ಪತೆಯಾಗಲಿ ಒಂದು ಕಸುಬಿಗೆ ಸ್ಥಳೀಯತೆಯನ್ನು ತಂದುಕೊಡಲಾರದು, ತಾನು ಯಾವ ಕಾಡಿನ ನೀರನ್ನು, ಯಾವ ರೈತನ ಧಾನ್ಯವನ್ನು, ಯಾವ ಪೌರರ ಸಹನೆಯನ್ನು ಉಂಡು ಬೆಳೆಯಿತೋ ಅದಕ್ಕೆ ತಾನು ಉತ್ತರದಾಯಿ ಎಂದು ಅರಿತ ಕಸುಬೇ ಸ್ಥಳೀಯವೆನಿಸಿಕೊಳ್ಳುತ್ತದೆ. ಆಷ್‌ವಿಲ್‌ನ ಬ್ರೂವರಿಗಳ ಮುಂದಿನ ಅಧ್ಯಾಯವನ್ನು ಹೊಸ ರುಚಿಗಳಿಗಿಂತಲೂ ಜಲಾನಯನದ ಅರಣ್ಯಗಳನ್ನೂ ನದಿಯ ಪಾತ್ರವನ್ನೂ ಕಾಯುವ ದೀಕ್ಷೆಯೇ ಬರೆಯಬೇಕು. ಅಲ್ಲಿಗೆ ಹೋಗುವ ಸಂದರ್ಶಕನೂ ಲೋಟದ ಬಣ್ಣವನ್ನು ಮೆಚ್ಚುವುದಕ್ಕೆ ಮುನ್ನ ನಾರ್ತ್ ಫೋರ್ಕಿನ ಕಾಡು ಹೇಗಿದೆಯೆಂದು ವಿಚಾರಿಸುವುದು ಒಳ್ಳೆಯದು.