ಭಾರತದಲ್ಲಿ ಜಲಮಾಲಿನ್ಯ ನಿಯಂತ್ರಣ ಕಾನೂನಿನ ಇತಿಹಾಸ

ನೀರು ಕೆಡಿಸುವುದು ಭಾರತದಲ್ಲಿ 1860ರ ದಶಕದಿಂದಲೇ ಅಪರಾಧ. 1860ರ ದಂಡಸಂಹಿತೆಯ 277ನೆಯ ಕಲಮು ಸಾರ್ವಜನಿಕ ಚಿಲುಮೆ ಅಥವಾ ಜಲಾಶಯವನ್ನು ಬೇಕೆಂದೇ ಹೊಲಸು ಮಾಡಿದವರಿಗೆ ಮೂರು ತಿಂಗಳವರೆಗೆ ಸಜೆ ಇಲ್ಲವೇ 500 ರೂಪಾಯಿವರೆಗೆ ದಂಡ ಗೊತ್ತುಮಾಡಿತ್ತು. ಹರಿಯುವ ನದಿ ಇದರ ವ್ಯಾಪ್ತಿಗೆ ಸೇರದೆಂದು ನ್ಯಾಯಾಲಯಗಳು ಅರ್ಥೈಸಿದ್ದರಿಂದ, ರಕ್ಷಣೆ ಹೆಚ್ಚು ಬೇಕಾದ ನೀರೇ ಕಾನೂನಿನ ಹೊರಗುಳಿಯಿತು. 1948ರ ಕಾರ್ಖಾನೆ ಕಾಯ್ದೆ ತ್ಯಾಜ್ಯದ ವಿಲೇವಾರಿಯ ಬಗ್ಗೆ ಒಂದು ಕಲಮನ್ನು ಸೇರಿಸಿತು. ಒಡಿಶಾ 1953ರಲ್ಲಿ, ಮಹಾರಾಷ್ಟ್ರ 1969ರಲ್ಲಿ ತಮ್ಮದೇ ಕಾಯ್ದೆ ಮಾಡಿಕೊಂಡವು. ಅಲ್ಲಿಂದ ಮುಂದಿನ ಕಥೆಯನ್ನು ಶಿಕ್ಷೆ ಎಷ್ಟು ಬಿಗಿಯಾಯಿತು ಎಂಬ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಆದರೆ ಈ ಕಾನೂನು ಫಲ ಕೊಟ್ಟ ಕಡೆಗಳನ್ನೂ ಸೋತ ಕಡೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಶಿಕ್ಷೆಯ ಪ್ರಮಾಣಕ್ಕಿಂತ ಮುಖ್ಯವಾದ ಎರಡು ಸಂಗತಿಗಳು ಎದ್ದು ಕಾಣುತ್ತವೆ: ಮೇಲ್ವಿಚಾರಣೆ ಮಾಡುವವರಿಗೆ ತಕ್ಷಣ ಕ್ರಮ ಕೈಗೊಳ್ಳುವ ಅಧಿಕಾರ ಇತ್ತೇ, ಮತ್ತು ಆ ಅಧಿಕಾರ ಸರ್ಕಾರದ ಮೇಲೂ ನಡೆಯಿತೇ.

ಸಂವಿಧಾನದಲ್ಲಿ ನೀರು ರಾಜ್ಯಪಟ್ಟಿಯ ವಿಷಯ. ಹೀಗಾಗಿ ಸಂಸತ್ತು ತಾನಾಗಿಯೇ ಕಾಯ್ದೆ ಮಾಡುವಂತಿರಲಿಲ್ಲ. 252ನೆಯ ವಿಧಿಯಂತೆ ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಕೋರಬೇಕಿತ್ತು. ಹಾಗೆ ಕೋರಿದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನ ಮುಗಿದ ಎರಡು ವರ್ಷದೊಳಗೆ, 1974ರ ಮಾರ್ಚ್‌ನಲ್ಲಿ, ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ ಬಂತು. ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಮಂಡಳಿ. ಹೊಳೆಗೋ ಚರಂಡಿಗೋ ತ್ಯಾಜ್ಯ ಬಿಡುವವರೆಲ್ಲ ಮಂಡಳಿಯ ಸಮ್ಮತಿಪತ್ರ ಪಡೆಯಬೇಕು. ಮಂಡಳಿಯ ರಚನೆಯಲ್ಲಿಯೇ ಮುಂದಿನ ತೊಡಕಿನ ಬೇರಿದೆ. ಅಧ್ಯಕ್ಷರನ್ನೂ ಸದಸ್ಯರನ್ನೂ ನೇಮಿಸುವುದು ರಾಜ್ಯ ಸರ್ಕಾರ. ಸದಸ್ಯರಲ್ಲಿ ಐವರವರೆಗೆ ಅಧಿಕಾರಿಗಳು, ಇನ್ನೈವರವರೆಗೆ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು. 18ನೆಯ ಕಲಮಿನಂತೆ ಸರ್ಕಾರದ ಲಿಖಿತ ನಿರ್ದೇಶನಕ್ಕೆ ಮಂಡಳಿ ಬದ್ಧ. ಊರಿನ ಕೊಳಚೆಯನ್ನು ನದಿಗೆ ಬಿಡುವ ಪುರಸಭೆ, ನಗರಸಭೆಗಳೇ ಕಾವಲುಗಾರರ ಸಾಲಿನಲ್ಲಿ ಕುಳಿತವು.

ಮೊದಲ ಹದಿನಾಲ್ಕು ವರ್ಷ ಮಂಡಳಿಯ ಕೈಯಲ್ಲಿದ್ದ ಮುಖ್ಯ ಅಸ್ತ್ರ ಕ್ರಿಮಿನಲ್ ಮೊಕದ್ದಮೆ. ಅದು ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯಲು ತ್ಯಾಜ್ಯ ನೀರಿನ ಒಂದು ಬಾಟಲಿಯನ್ನು ಹಿಂಬಾಲಿಸಿದರೆ ಸಾಕು. ಕಾಯ್ದೆಯ 21ನೆಯ ಕಲಮಿನ ಪ್ರಕಾರ, ಮಾದರಿ ತೆಗೆಯುವ ಅಧಿಕಾರಿ ಅದನ್ನು ವಿಶ್ಲೇಷಣೆಗೆ ಕಳಿಸಲಿದ್ದೇನೆಂದು ಕಾರ್ಖಾನೆಯವರಿಗೆ ಅಲ್ಲಿಯೇ ನೋಟಿಸು ಕೊಡಬೇಕು. ಅವರೆದುರಿಗೇ ಮಾದರಿಯನ್ನು ಎರಡು ಪಾಲು ಮಾಡಬೇಕು. ಎರಡಕ್ಕೂ ಗುರುತು ಹಾಕಿ, ಮೊಹರು ಒತ್ತಿ, ಇಬ್ಬರೂ ಸಹಿ ಮಾಡಬೇಕು. ಒಂದು ಪಾಲು ಮಂಡಳಿಯ ಪ್ರಯೋಗಾಲಯಕ್ಕೆ, ಕಾರ್ಖಾನೆಯವರು ಕೇಳಿದರೆ ಇನ್ನೊಂದು ಬೇರೆ ಪ್ರಯೋಗಾಲಯಕ್ಕೆ ಹೋಗಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ವಿಶ್ಲೇಷಣೆಯ ವರದಿ ಸಾಕ್ಷ್ಯವಾಗಿ ನಿಲ್ಲದು. ಆರೋಪಿಯ ಹಕ್ಕು ಕಾಯಲು ಈ ಎಚ್ಚರ ಬೇಕೇ ಬೇಕು. ಆದರೆ ಬಾಟಲಿ ಕೋರ್ಟಿನಲ್ಲಿ ವರ್ಷಗಟ್ಟಲೆ ಕಾಯುವಾಗ ಕೊಳವೆಯಿಂದ ಹೊಳೆಗೆ ಬೀಳುವ ನೀರು ನಿಲ್ಲುವುದಿಲ್ಲ. ಆಗಲಿರುವ ಮಾಲಿನ್ಯವನ್ನು ಮೊದಲೇ ತಡೆಯಬೇಕಿದ್ದರೂ ಮಂಡಳಿ ನ್ಯಾಯಾಲಯಕ್ಕೇ ಅರ್ಜಿ ಹಾಕಬೇಕಿತ್ತು. 1984ರ ಭೋಪಾಲ ದುರಂತದ ನಂತರ ಬಂದ 1986ರ ಪರಿಸರ (ಸಂರಕ್ಷಣೆ) ಕಾಯ್ದೆಯೂ 1988ರ ಜಲ ಕಾಯ್ದೆ ತಿದ್ದುಪಡಿಯೂ ಈ ಕೊರತೆಯನ್ನು ನೀಗಿದವು. ಘಟಕವನ್ನು ಮುಚ್ಚಿಸುವ, ವಿದ್ಯುತ್ತು ಮತ್ತು ನೀರಿನ ಸಂಪರ್ಕ ಕಡಿಸುವ ಅಧಿಕಾರ ಮಂಡಳಿಗೇ ಬಂತು. ಅರವತ್ತು ದಿನಗಳ ನೋಟಿಸು ಕೊಟ್ಟು ಯಾವ ನಾಗರಿಕನಾದರೂ ಮೊಕದ್ದಮೆ ಹೂಡಲು ದಾರಿಯಾಯಿತು. ಇಡೀ ಇತಿಹಾಸದಲ್ಲಿ ಇದಕ್ಕಿಂತ ಪರಿಣಾಮಕಾರಿಯಾದ ತಿರುವು ಇನ್ನೊಂದಿಲ್ಲ. ಸಜೆಯ ಭಯ ದೂರದ್ದು. ಕರೆಂಟು ಹೋದರೆ ಯಂತ್ರ ಆ ಗಳಿಗೆಯಲ್ಲೇ ನಿಲ್ಲುತ್ತದೆ.

ಬಡ ದೇಶಕ್ಕೆ ಇಷ್ಟು ಬಿಗಿ ಹೊರೆಯಾಗದೇ, ಸಣ್ಣ ಉದ್ದಿಮೆಗಳೂ ಕೂಲಿಗಳೂ ಬೀದಿಗೆ ಬೀಳುವುದಿಲ್ಲವೇ ಎಂಬ ಆಕ್ಷೇಪ ಹಳೆಯದು, ಹಗುರವಾಗಿ ತಳ್ಳಿಹಾಕುವಂಥದ್ದೂ ಅಲ್ಲ. ಕಾನ್ಪುರದ ಜಾಜ್‌ಮವಿನ ಚರ್ಮ ಹದ ಮಾಡುವ ಕಾರ್ಖಾನೆಗಳು 1987ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದನ್ನೇ ಎತ್ತಿದ್ದವು. ಕರ್ನಾಟಕದವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರ ಉತ್ತರ ನೇರವಾಗಿತ್ತು: ಕನಿಷ್ಠ ಕೂಲಿ ಕೊಡಲಾಗದ ಉದ್ದಿಮೆಗೆ ಹೇಗೆ ಉಳಿಗಾಲವಿಲ್ಲವೋ ಪ್ರಾಥಮಿಕ ಶುದ್ಧೀಕರಣ ಘಟಕ ಹಾಕಲಾಗದ ಉದ್ದಿಮೆಗೂ ಹಾಗೆಯೇ. ಈ ತರ್ಕದ ಬಲ ಹೋಲಿಕೆಯಲ್ಲಿಯೇ ಇದೆ. ಕೂಲಿ ಉಳಿಸಿ ಮಾಡಿದ ಲಾಭ ಕಾರ್ಮಿಕನ ಜೇಬಿನಿಂದ ಬಂದದ್ದು; ಶುದ್ಧೀಕರಣದ ಖರ್ಚು ಉಳಿಸಿ ಮಾಡಿದ ಲಾಭ ಹೊಳೆಯ ಕೆಳಗಿನ ಊರಿನವರ ಆರೋಗ್ಯದಿಂದ ಬಂದದ್ದು. ನಿಯಮ ಸಡಿಲಿಸಿದರೆ ಖರ್ಚು ಮಾಯವಾಗುವುದಿಲ್ಲ, ಭರಿಸುವವರು ಬದಲಾಗುತ್ತಾರೆ. ಸಣ್ಣ ಘಟಕಗಳ ಕಷ್ಟ ನಿಜವಾದ್ದರಿಂದಲೇ ಹಲವರು ಸೇರಿ ನಡೆಸುವ ಸಾಮೂಹಿಕ ಶುದ್ಧೀಕರಣ ಘಟಕಗಳಿಗೆ ಸರ್ಕಾರ ಮುಂದೆ ಸಹಾಯಧನ ಕೊಟ್ಟಿತು. ಹೊರೆ ಹಗುರ ಮಾಡುವ ಸರಿಯಾದ ದಾರಿ ಅದು.

ಅದೇ ಮೊಕದ್ದಮೆಯ ಮುಂದುವರಿಕೆಯಾಗಿ 1988ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಾನ್ಪುರದ ನಗರಾಡಳಿತವನ್ನೂ ಕಟಕಟೆಗೆ ತಂದಿತು. ಆದರೂ ಕಾನೂನು ಅತ್ಯಂತ ಹೀನಾಯವಾಗಿ ಸೋತಿರುವುದು ಊರಿನ ಕೊಳಚೆಯ ವಿಷಯದಲ್ಲಿಯೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ ನಗರಗಳು ದಿನಕ್ಕೆ ಹೊರಹಾಕುವ ಕೊಳಚೆ 72,368 ದಶಲಕ್ಷ ಲೀಟರ್. ಶುದ್ಧೀಕರಣವಾಗುತ್ತಿದ್ದದ್ದು 20,236 ದಶಲಕ್ಷ ಲೀಟರ್, ಅಂದರೆ ನೂರಕ್ಕೆ 28. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, 2017ರ ಫೆಬ್ರುವರಿಯಲ್ಲಿ ಹೊತ್ತಿ ಉರಿದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ಸುತ್ತಲಿನ ಕಾರ್ಖಾನೆಗಳನ್ನು ಮುಚ್ಚಿಸುವ ಆದೇಶ ಎರಡೇ ತಿಂಗಳಲ್ಲಿ ಹೊರಬಿತ್ತು. ಆದರೆ ಕೆರೆಗೆ ಬರುತ್ತಿದ್ದ ನೀರಿನ ಬಹುಪಾಲು ನಗರದ ಒಳಚರಂಡಿಯದು. ಅದಕ್ಕೆ ಬೀಗ ಜಡಿಯುವುದು ಹೇಗೆ? ಸರ್ಕಾರಕ್ಕೆ ದಂಡ ಹಾಕಿದರೂ ಹಣ ಹೋಗುವುದು ಬೊಕ್ಕಸದಿಂದ, ಎಂದರೆ ಅದೇ ನೊರೆಯ ವಾಸನೆ ಕುಡಿದ ಜನರ ತೆರಿಗೆಯಿಂದ. ನ್ಯಾಯಾಲಯಗಳಿರುವಾಗ ಮಂಡಳಿಗಳೇಕೆ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಕೆರೆಗೆ ಬೆಂಕಿ ಬಿದ್ದ ಮೇಲೆ ನ್ಯಾಯಪೀಠ ಎಚ್ಚೆತ್ತೀತು. ಪ್ರತಿ ತಿಂಗಳೂ ನೀರು ಅಳೆದು ಎಚ್ಚರಿಸುವುದು ಅದರ ಕೆಲಸವಲ್ಲ. ಆದೇಶ ಪಾಲನೆಯಾಯಿತೇ ಎಂದು ತಿಳಿಯಲು ಕೂಡ ಅದಕ್ಕೆ ಮಂಡಳಿಯ ವರದಿಯೇ ಬೇಕು.

2024ರ ತಿದ್ದುಪಡಿ ಬಹುತೇಕ ಅಪರಾಧಗಳಿಂದ ಸಜೆ ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಇಟ್ಟಿತು. ಮೊದಲು ಇದು ಅನ್ವಯವಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಮಾತ್ರ. 252ನೆಯ ವಿಧಿಯಿಂದಾಗಿ ಉಳಿದ ರಾಜ್ಯಗಳು ಮತ್ತೆ ನಿರ್ಣಯ ಮಾಡಬೇಕು. ಜೈಲು ಹೋಯಿತೆಂದು ಮರುಗುವುದಕ್ಕಿಂತ ದಂಡದ ಮಿತಿಯ ಬಗ್ಗೆ ಚಿಂತಿಸುವುದು ಹೆಚ್ಚು ಸರಿ. ದೊಡ್ಡ ಕಂಪನಿಗೆ 15 ಲಕ್ಷ ಶುದ್ಧೀಕರಣಕ್ಕಿಂತ ಅಗ್ಗವಾದರೆ ಅದು ದಂಡವಾಗಿ ಉಳಿಯದೆ ಶುಲ್ಕವಾಗುತ್ತದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಕೆಡಿಸಿದ್ದನ್ನು ಸರಿಪಡಿಸಲು ತಗಲುವ ಪರಿಹಾರವನ್ನು ಮಂಡಳಿಗಳೇ ವಸೂಲು ಮಾಡಬಹುದೆಂದು ತೀರ್ಪಿತ್ತು, ಅದಕ್ಕೆ ಮೊದಲು ಸೂಕ್ತ ನಿಯಮ ರೂಪಿಸಬೇಕೆಂದೂ ಹೇಳಿತು. ಹಾನಿಗೆ ತಕ್ಕ ಪರಿಹಾರಕ್ಕೆ ಇದರಿಂದ ದಾರಿ ತೆರೆದಿದೆ. ಆ ನಿಯಮಗಳು ಕಾರ್ಖಾನೆಯಷ್ಟೇ ಬಿಗಿಯಾಗಿ ನಗರಪಾಲಿಕೆಯನ್ನೂ ಹಿಡಿಯಬೇಕು.